ಗೋಡೆಯಾಚೆಯ ಸಾಕ್ಷ್ಯ: ಪ್ರಾಣಿಹಕ್ಕು ಚಳವಳಿ ಓದಿದ್ದು, ನೋಡಿದ್ದು, ಕೇಳಿದ್ದು

ಪ್ರಾಣಿಗಳ ಪರವಾಗಿ ನಡೆದ ಆಧುನಿಕ ಹೋರಾಟದ ಚರಿತ್ರೆಯನ್ನು ಕಾಯಿದೆಗಳ ಮತ್ತು ಸಂಘಸಂಸ್ಥೆಗಳ ಚರಿತ್ರೆಯಾಗಿ ಬರೆಯುವುದು ರೂಢಿ. 1822ರಲ್ಲಿ ಬ್ರಿಟಿಷ್ ಸಂಸತ್ತು ದನ ಮತ್ತು ಕುದುರೆಗಳನ್ನು ಹಿಂಸಿಸುವುದನ್ನು ಶಿಕ್ಷಾರ್ಹ ಅಪರಾಧವಾಗಿಸಿತು, 1824ರಲ್ಲಿ ಲಂಡನ್ನಿನ ಒಂದು ಕಾಫಿಮನೆಯಲ್ಲಿ ಸೇರಿದ ಕೆಲವರು ಮೊದಲ ಪ್ರಾಣಿದಯಾ ಸಂಘವನ್ನು ಕಟ್ಟಿದರು, 1876ರಲ್ಲಿ ಪ್ರಯೋಗಶಾಲೆಗಳಿಗೆ ಪರವಾನಗಿ ಪದ್ಧತಿ ಬಂದಿತು ಎಂಬ ಕ್ರಮದಲ್ಲಿ ಆ ಕಥನ ಸಾಗುತ್ತದೆ. ಈ ಕಾಯಿದೆಗಳನ್ನು ಬೇಡಿದವರು ಬೇಡುವುದಕ್ಕೆ ಮುಂಚೆ ಏನನ್ನು ಓದಿದ್ದರು, ಯಾವ ಚಿತ್ರವನ್ನು ನೋಡಿದ್ದರು, ಯಾವ ದನಿಗೆ ಕಿವಿಗೊಟ್ಟಿದ್ದರು ಎಂದು ವಿಚಾರಿಸಿದರೆ ಬೇರೊಂದು ಚರಿತ್ರೆ ತೆರೆದುಕೊಳ್ಳುತ್ತದೆ. ಕಸಾಯಿಖಾನೆ, ಪ್ರಯೋಗಶಾಲೆ, ಕೋಳಿಫಾರಂ, ಆಳಸಮುದ್ರ ಇವೆಲ್ಲವೂ ಸಾಮಾನ್ಯ ನಾಗರಿಕನ ಕಣ್ಣಿಗೆ ಮರೆಯಾದ ಸ್ಥಳಗಳಾದುದರಿಂದ, ಅಲ್ಲಿ ನಡೆಯುವುದನ್ನು ಹೊರಗೆ ತರುವ ಬರಹ, ಚಿತ್ರ ಮತ್ತು ಧ್ವನಿಮುದ್ರಿಕೆಗಳೇ ಚಳವಳಿಯ ನಿಜವಾದ ಬಂಡವಾಳವಾಗಿದ್ದವು. ಅವುಗಳಲ್ಲಿ ಹೆಚ್ಚು ಕಾಲ ತಾಳಿದ ಮತ್ತು ಕಾನೂನನ್ನು ಅಲುಗಾಡಿಸಿದ ಸಾಕ್ಷ್ಯಗಳಲ್ಲಿ ಬಹುಪಾಲು ಪ್ರಾಣಿಪ್ರೇಮಿಗಳ ಲೇಖನಿಯಿಂದ ಹುಟ್ಟಿದವಲ್ಲ. ಪ್ರಾಣಿಗಳನ್ನು ಬಳಸುತ್ತಿದ್ದವರು ತಮ್ಮ ಕೆಲಸಕ್ಕಾಗಿ ತಾವೇ ಬರೆದಿಟ್ಟ, ಚಿತ್ರಿಸಿಟ್ಟ, ಮುದ್ರಿಸಿಟ್ಟ ದಾಖಲೆಗಳಾಗಿದ್ದವು.

ಈ ಹೋರಾಟಗಾರರ ಓದಿನ ಪಟ್ಟಿ ಹೇಗಿತ್ತು ಎಂಬುದಕ್ಕೆ ಒಂದು ಒಳ್ಳೆಯ ಆಧಾರ ಉಳಿದುಬಂದಿದೆ. ಈಟನ್ ಶಾಲೆಯ ಅಧ್ಯಾಪಕ ಹುದ್ದೆಯನ್ನು ಬಿಟ್ಟು ಸರಳ ಜೀವನವನ್ನು ಆರಿಸಿಕೊಂಡ ಹೆನ್ರಿ ಸಾಲ್ಟ್ 1892ರಲ್ಲಿ ಪ್ರಾಣಿಗಳ ಹಕ್ಕುಗಳನ್ನು ಸಾಮಾಜಿಕ ಪ್ರಗತಿಯೊಂದಿಗೆ ಸೇರಿಸಿ ವಿವೇಚಿಸುವ ಗ್ರಂಥವೊಂದನ್ನು ಪ್ರಕಟಿಸಿ, ಅದರ ಕೊನೆಯಲ್ಲಿ ತನಗಿಂತ ಹಿಂದೆ ಈ ವಿಷಯವನ್ನು ಕುರಿತು ಬರೆದವರ ಕೃತಿಗಳನ್ನು ಟಿಪ್ಪಣಿಗಳ ಸಮೇತ ಪಟ್ಟಿಮಾಡಿದನು. ಪ್ರಾಣಿಹಿಂಸೆಯನ್ನು ಪಾಪವೆಂದು 1776ರಲ್ಲಿ ವಾದಿಸಿದ ಪಾದ್ರಿ ಹಂಫ್ರಿ ಪ್ರಿಮಾಟ್, 1791ರಲ್ಲಿ ಪ್ರಾಣಿಗಳ ಪರವಾಗಿ ಮೊರೆಯ ರೂಪದ ಪುಸ್ತಕ ಬರೆದ ಜಾನ್ ಓಸ್ವಾಲ್ಡ್, 1824ರಲ್ಲಿ ಬರೆದ ಲೂಯಿಸ್ ಗಾಂಪರ್ಟ್ಸ್ ಮೊದಲಾದವರು ಅದರಲ್ಲಿ ಸೇರಿದ್ದಾರೆ. ಪ್ರತಿಯೊಬ್ಬನೂ ತಾನೇ ಮೊದಲಿಗನೆಂಬಂತೆ ಒಂಟಿಯಾಗಿ ಬರೆದು ಮರೆಯಾಗುತ್ತಿದ್ದ ಕಾಲದಲ್ಲಿ ಈ ಪಟ್ಟಿ ಚದುರಿದ ದನಿಗಳನ್ನು ಒಂದು ಪರಂಪರೆಯಾಗಿ ಹೊಲಿಯಿತು. ಪುಸ್ತಕದ ವಾದಕ್ಕಿಂತ ಅದರ ಅನುಬಂಧವೇ ಚಳವಳಿಗೆ ಹೆಚ್ಚು ಉಪಕಾರ ಮಾಡಿತು ಎಂದರೂ ಅತಿಶಯೋಕ್ತಿಯಲ್ಲ.

ಆ ಪಟ್ಟಿಯಲ್ಲಿನ ಓಸ್ವಾಲ್ಡನಿಗೆ ದಕ್ಷಿಣ ಭಾರತದೊಂದಿಗೆ ನೇರ ಸಂಬಂಧವಿದೆ. ಸ್ಕಾಟ್ಲೆಂಡಿನ ಈ ಸೈನ್ಯಾಧಿಕಾರಿ ಹೈದರಾಲಿಯ ವಿರುದ್ಧ ನಡೆದ ಎರಡನೆಯ ಮೈಸೂರು ಯುದ್ಧದ ಕಾಲದಲ್ಲಿ ತನ್ನ ಪಡೆಯೊಂದಿಗೆ ಮಲಬಾರ್ ಕರಾವಳಿಗೆ ಬಂದಿಳಿದು, ಇಲ್ಲಿನ ಹಿಂದೂಗಳ ಆಹಾರಕ್ರಮವನ್ನು ಕಂಡು ಮಾಂಸವನ್ನು ತೊರೆದು, ಸೈನ್ಯವನ್ನೂ ಬಿಟ್ಟು ಸ್ವದೇಶಕ್ಕೆ ಮರಳಿದನು. ಯುದ್ಧ ಮಾಡಲು ಬಂದವನು ನೆಲದ ನಡವಳಿಕೆಯನ್ನು ಕಲಿತು ಹೋದ ಈ ಪ್ರಸಂಗದ ಒಂದು ಶತಮಾನದ ನಂತರ, ಕಾನೂನು ಓದಲು ಲಂಡನ್ನಿಗೆ ಹೋದ ಮೋಹನದಾಸ ಗಾಂಧಿ ಫ್ಯಾರಿಂಗ್ಡನ್ ಬೀದಿಯ ಸಸ್ಯಾಹಾರಿ ಹೋಟೆಲೊಂದರಲ್ಲಿ ಸಾಲ್ಟನ ಸಸ್ಯಾಹಾರ ಸಮರ್ಥನೆಯ ಪುಸ್ತಕವನ್ನು ಒಂದು ಶಿಲಿಂಗಿಗೆ ಕೊಂಡು ಓದಿದರು. ತಾಯಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು ಮಾಂಸ ಮುಟ್ಟದಿದ್ದವರು ಆ ಓದಿನ ನಂತರ ಸ್ವಂತ ಆಯ್ಕೆಯಿಂದ ಸಸ್ಯಾಹಾರಿಯಾದುದನ್ನು ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. 1931ರ ನವೆಂಬರಿನಲ್ಲಿ ಲಂಡನ್ನಿನ ಸಸ್ಯಾಹಾರಿಗಳ ಸಂಘದಲ್ಲಿ ಗಾಂಧೀಜಿ ಭಾಷಣ ಮಾಡಿದಾಗ ವೃದ್ಧ ಸಾಲ್ಟ್ ಆ ಸಭೆಯಲ್ಲಿದ್ದನು.

ಓದು ಬಲ್ಲವರಿಗೆ ಪುಸ್ತಕ, ಬಾರದವರಿಗೆ ಚಿತ್ರ. ಲಂಡನ್ನಿನ ಕಲಾವಿದ ವಿಲಿಯಂ ಹೋಗಾರ್ತ್ 1751ರಲ್ಲಿ ಕ್ರೌರ್ಯದ ನಾಲ್ಕು ಹಂತಗಳನ್ನು ತೋರಿಸುವ ಮುದ್ರಣಚಿತ್ರಗಳನ್ನು ಹೊರತಂದಾಗ ಅವನ ಗುರಿ ಶ್ರೀಮಂತರ ಗೋಡೆಯಾಗಿರದೆ ಬೀದಿಯ ಜನವಾಗಿತ್ತು. ಬೀದಿಯಲ್ಲಿ ನಾಯಿಯನ್ನು ಹಿಂಸಿಸುವ ಹುಡುಗ ಟಾಮ್ ನೀರೋ ಬೆಳೆದು ಗಾಡಿಯ ಕುದುರೆಯನ್ನು ಬಡಿಯುತ್ತಾನೆ, ಮುಂದೆ ಕೊಲೆಗಾರನಾಗುತ್ತಾನೆ, ಕೊನೆಗೆ ಗಲ್ಲಿಗೇರಿದ ಅವನ ಹೆಣವನ್ನು ವೈದ್ಯರು ಸೀಳುವಾಗ ಕಿತ್ತೆಸೆದ ಹೃದಯವನ್ನು ನಾಯಿಯೊಂದು ತಿನ್ನುತ್ತದೆ. ಅಗ್ಗದ ಮರದಚ್ಚಿನಲ್ಲಿಯೂ ಈ ಚಿತ್ರಗಳನ್ನು ಮುದ್ರಿಸುವ ಯತ್ನವನ್ನು ಹೋಗಾರ್ತ್ ಮಾಡಿದನಾದರೂ ಅದರ ಖರ್ಚೇ ಹೆಚ್ಚಾಗಿ ಎರಡು ಅಚ್ಚುಗಳಿಗೆ ನಿಂತುಹೋಯಿತು. ಇಲ್ಲಿ ಪ್ರಾಣಿಯ ನೋವಿಗಿಂತ ನೋವುಂಟುಮಾಡುವ ಮನುಷ್ಯನ ಅಧಃಪತನವೇ ಮುಖ್ಯವೆಂಬುದನ್ನು ಗಮನಿಸಬೇಕು. ತಾತ್ತ್ವಿಕ ಜೆರೆಮಿ ಬೆಂಥಮ್ 1789ರಲ್ಲಿ ಪ್ರಕಟವಾದ ನೀತಿಶಾಸ್ತ್ರ ಗ್ರಂಥದ ಒಂದು ಅಡಿಟಿಪ್ಪಣಿಯಲ್ಲಿ, ಪ್ರಾಣಿಗೆ ತರ್ಕವಿದೆಯೇ ಮಾತಿದೆಯೇ ಎನ್ನುವುದನ್ನು ಬದಿಗಿಟ್ಟು ಅದಕ್ಕೆ ನೋವಾಗುತ್ತದೆಯೇ ಎಂದು ಕೇಳುವ ಮೂಲಕ ವಿಚಾರದ ಕೇಂದ್ರವನ್ನು ಮನುಷ್ಯನಿಂದ ಪ್ರಾಣಿಯ ಕಡೆಗೆ ಸರಿಸಿದನು.

ಗೋಡೆಯಾಚೆಯ ದಾಖಲೆಯನ್ನೇ ಆಯುಧವಾಗಿಸುವ ಕ್ರಮವನ್ನು ಸ್ಪಷ್ಟವಾಗಿ ರೂಪಿಸಿದವಳು ಐರ್ಲೆಂಡಿನಲ್ಲಿ ಹುಟ್ಟಿದ ಲೇಖಕಿ ಫ್ರಾನ್ಸಿಸ್ ಪವರ್ ಕಾಬ್. ಜೀವಂತ ಪ್ರಾಣಿಯ ದೇಹವನ್ನು ಕೊಯ್ದು ಅಂಗಾಂಗಗಳ ಕೆಲಸವನ್ನು ಪರೀಕ್ಷಿಸುವ ಪದ್ಧತಿಗೆ ಆ ಕಾಲದ ಯುರೋಪಿನಲ್ಲಿ ವಿವಿಸೆಕ್ಷನ್ ಎಂಬ ಹೆಸರಿತ್ತು. ಕನ್ನಡದಲ್ಲಿ ಅದನ್ನು ಜೀವಚ್ಛೇದನ ಎನ್ನಬಹುದು. ಇದರ ವಿರುದ್ಧ 1875ರಲ್ಲಿ ಸಂಘ ಕಟ್ಟಿದ ಕಾಬ್, ಮರುವರ್ಷ ಬಂದ ಕಾಯಿದೆ ಪ್ರಯೋಗವನ್ನು ನಿಷೇಧಿಸದೆ ಪರವಾನಗಿಯ ಚೌಕಟ್ಟಿನಲ್ಲಿ ಇರಿಸಿದ್ದರಿಂದ ನಿರಾಶಳಾಗಿ, ಸಾರ್ವಜನಿಕರ ಮನಸ್ಸನ್ನು ಮುಟ್ಟುವ ಮಾರ್ಗವನ್ನು ಹುಡುಕಿದಳು. 1883ರಲ್ಲಿ ಅವಳು ಹೊರತಂದ ಕಿರುಪುಸ್ತಕದಲ್ಲಿನ ಕೆತ್ತನೆ ಚಿತ್ರಗಳನ್ನು ಯಾವ ಕಲಾವಿದನೂ ಕಲ್ಪಿಸಿರಲಿಲ್ಲ. ಕಟ್ಟುಪಟ್ಟಿಗಳಲ್ಲಿ ಬಿಗಿದ ನಾಯಿ, ಹಲಗೆಗೆ ಕಟ್ಟಿದ ಮೊಲ ಮೊದಲಾದ ಆ ಚಿತ್ರಗಳನ್ನು ಕ್ಲೋದ್ ಬರ್ನಾರ್ ಮೊದಲಾದ ಶರೀರಶಾಸ್ತ್ರಜ್ಞರು ತಮ್ಮ ವಿದ್ಯಾರ್ಥಿಗಳಿಗೆ ಉಪಕರಣಗಳ ಬಳಕೆಯನ್ನು ಕಲಿಸಲು ಬರೆದ ಕೈಪಿಡಿಗಳಿಂದ ಹಾಗೆಹಾಗೆಯೇ ತೆಗೆದುಕೊಳ್ಳಲಾಗಿತ್ತು. ವಿದ್ಯಾರ್ಥಿಗೆ ಪಾಠವಾಗಿದ್ದ ಚಿತ್ರ ಗೃಹಿಣಿಯ ಕೈಯಲ್ಲಿ ದೋಷಾರೋಪ ಪತ್ರವಾಯಿತು, ಮತ್ತು ಅದು ಸುಳ್ಳೆಂದು ಹೇಳುವ ದಾರಿ ವಿಜ್ಞಾನಿಗಳಿಗೆ ಮುಚ್ಚಿಹೋಯಿತು.

ಆದರೆ ಈ ಕ್ರಮದಲ್ಲಿ ಒಂದು ಕಠಿಣವಾದ ಕರಾರು ಅಡಗಿದೆ. ಎದುರಾಳಿಯ ಕಾಗದವನ್ನು ಉಲ್ಲೇಖಿಸುವವನು ಅದರ ಒಂದು ಸಾಲನ್ನೂ ಬಿಡದೆ ಉಲ್ಲೇಖಿಸಬೇಕು. 1892ರಲ್ಲಿ ಕಾಬಳ ಹೊಣೆಯಲ್ಲಿ ಬೇರೊಬ್ಬರು ಸಂಕಲಿಸಿದ ಪ್ರಯೋಗವರದಿಗಳ ಸಂಗ್ರಹ ಹೊರಬಂದಾಗ, ಮೂಲ ವರದಿಗಳಲ್ಲಿ ಪ್ರಾಣಿಗೆ ಅರಿವಳಿಕೆ ಕೊಡಲಾಗಿತ್ತು ಎಂಬ ಮಾತುಗಳನ್ನು ಹಲವೆಡೆ ಕೈಬಿಡಲಾಗಿದೆ ಎಂದು ಶಸ್ತ್ರವೈದ್ಯ ವಿಕ್ಟರ್ ಹಾರ್ಸ್ಲಿ ಬಹಿರಂಗ ಸಭೆಯಲ್ಲಿ ತೋರಿಸಿಕೊಟ್ಟನು. ಪುಸ್ತಕವನ್ನು ಹಿಂತೆಗೆದು ತಿದ್ದಬೇಕಾಯಿತು. ಹತ್ತು ವರ್ಷ ಕಷ್ಟಪಟ್ಟು ಗಳಿಸಿದ ನಂಬಿಕೆ ಕೆಲವು ಬಿಟ್ಟುಹೋದ ಸಾಲುಗಳಿಂದ ಸವೆಯಿತೆಂಬುದು ಈ ಚರಿತ್ರೆಯ ಅತ್ಯಂತ ನೋವಿನ ಪುಟಗಳಲ್ಲಿ ಒಂದು.

ಇದೇ ಕಾಲದಲ್ಲಿ, ದಾಖಲೆಯ ಹಂಗೇ ಇಲ್ಲದ, ಪೂರ್ತಿ ಕಲ್ಪನೆಯಿಂದ ಹುಟ್ಟಿದ ಇನ್ನೊಂದು ಧಾರೆಯೂ ಹರಿಯುತ್ತಿತ್ತು. 1877ರ ನವೆಂಬರಿನಲ್ಲಿ ಪ್ರಕಟವಾದ ಅನ್ನಾ ಸೀವೆಲ್‌ಳ ‘ಬ್ಲ್ಯಾಕ್ ಬ್ಯೂಟಿ’ ಒಂದು ಕುದುರೆ ತಾನೇ ಹೇಳಿಕೊಳ್ಳುವ ಆತ್ಮಕಥೆ. ಹದಿನಾಲ್ಕನೆಯ ವಯಸ್ಸಿನಲ್ಲಿ ಬಿದ್ದು ಪಾದದ ಕೀಲಿಗೆ ಪೆಟ್ಟಾಗಿ ಜೀವನವಿಡೀ ನಡೆಯಲು ಕಷ್ಟಪಟ್ಟ ಸೀವೆಲ್ ಓಡಾಟಕ್ಕೆ ಕುದುರೆಗಾಡಿಯನ್ನೇ ಅವಲಂಬಿಸಿದ್ದಳು. ಕಾಯಿಲೆ ಉಲ್ಬಣಿಸಿದ ಕೊನೆಯ ವರ್ಷಗಳಲ್ಲಿ ಹಾಸಿಗೆಯಲ್ಲಿದ್ದುಕೊಂಡೇ ಈ ಪುಸ್ತಕವನ್ನು ಬರೆದು, ಬರೆಯಲಾಗದಾಗ ತಾಯಿಗೆ ಹೇಳಿ ಬರೆಸಿ ಮುಗಿಸಿ, ಅದು ಪ್ರಕಟವಾದ ಐದು ತಿಂಗಳಿಗೆ ತೀರಿಕೊಂಡಳು. ಆಕೆಯ ಮುಖ್ಯ ಗುರಿ ಬೇರಿಂಗ್ ರೇನ್ ಎಂಬ ಪಟ್ಟಿ. ಗಾಡಿಗೆ ಹೂಡಿದ ಕುದುರೆ ಕತ್ತನ್ನು ಎತ್ತಿ ಹಿಡಿದು ಠೀವಿಯಿಂದ ಕಾಣಲೆಂದು ಲಗಾಮಿನ ಜೊತೆಗೆ ಹಾಕುತ್ತಿದ್ದ ಈ ಹೆಚ್ಚುವರಿ ಪಟ್ಟಿ, ಏರಿನಲ್ಲಿ ಭಾರ ಎಳೆಯುವಾಗಲೂ ಅದು ತಲೆ ತಗ್ಗಿಸದಂತೆ ಬಿಗಿದು ಉಸಿರನ್ನೂ ಕುತ್ತಿಗೆಯ ಸ್ನಾಯುಗಳನ್ನೂ ಹಾಳುಮಾಡುತ್ತಿತ್ತು. ಮಗಳ ಶವಯಾತ್ರೆಗೆ ಬಂದ ಗಾಡಿಗಳ ಕುದುರೆಗಳಿಗೂ ಅದೇ ಪಟ್ಟಿ ಬಿಗಿದಿದ್ದುದನ್ನು ಕಂಡ ತಾಯಿ ಅವನ್ನು ಬಿಚ್ಚಿಸಿದಳೆಂದು ಜೀವನಚರಿತ್ರೆಕಾರರು ಬರೆದಿದ್ದಾರೆ.

ಪುಸ್ತಕವನ್ನು ಹೋರಾಟದ ಸಾಧನವಾಗಿಸಿದವನು ಬಾಸ್ಟನ್ನಿನ ವಕೀಲ ಜಾರ್ಜ್ ಏಂಜಲ್. 1868ರಲ್ಲಿ ಮಾತುಬಾರದ ಪ್ರಾಣಿಗಳ ಹೆಸರಿನಲ್ಲಿ ಪತ್ರಿಕೆ ಆರಂಭಿಸಿ, ಮೊದಲ ಸಂಚಿಕೆಯ 2 ಲಕ್ಷ ಪ್ರತಿಗಳನ್ನು ಅಚ್ಚುಹಾಕಿಸಿ, ನಗರದ ಪೊಲೀಸರ ಮೂಲಕ ಮನೆಮನೆಗೆ ಹಂಚಿಸಿದ್ದ ಅವನಿಗೆ ಪ್ರಚಾರದ ಮರ್ಮ ತಿಳಿದಿತ್ತು. ಪರದೇಶದ ಪುಸ್ತಕಗಳಿಗೆ ಅಮೆರಿಕದಲ್ಲಿ ಹಕ್ಕುಸ್ವಾಮ್ಯವಿಲ್ಲದ ದಿನಗಳಾದುದರಿಂದ 1890ರಲ್ಲಿ ‘ಬ್ಲ್ಯಾಕ್ ಬ್ಯೂಟಿ’ಯನ್ನು ಅನುಮತಿ ಇಲ್ಲದೆಯೇ ಮರುಮುದ್ರಿಸಿ, ಗಾಡಿ ಹೊಡೆಯುವವರಿಗೂ ಲಾಯದ ಕೆಲಸಗಾರರಿಗೂ ಉಚಿತವಾಗಿ ತಲುಪಿಸಿದನು. ಗುಲಾಮಗಿರಿಯ ವಿರುದ್ಧ ಅಮೆರಿಕವನ್ನು ಎಬ್ಬಿಸಿದ್ದ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಕಾದಂಬರಿಗೆ ಇದನ್ನು ಹೋಲಿಸಿ ಮುಖಪುಟದ ಮೇಲೆಯೇ ಅಚ್ಚುಹಾಕಿಸಿದ್ದು ಅವನ ಜಾಣ್ಮೆ. ಕೃತಿಯನ್ನು ಇಡಿಯಾಗಿ ಮಾರಿಕೊಂಡಿದ್ದ ಸೀವೆಲ್‌ಳ ಕುಟುಂಬಕ್ಕೆ ಇದರಿಂದ ಕಾಸು ಸಿಗಲಿಲ್ಲವಾದರೂ, ಓದಬೇಕಾದವರ ಕೈಗೇ ಪುಸ್ತಕ ಸೇರಿತು. ಅದು ಮಕ್ಕಳ ಕಥೆಯೆಂದು ಇಂದು ಗ್ರಂಥಾಲಯಗಳು ಇಡುವ ಕಪಾಟಿಗೆ ಬಂದದ್ದು ಆಮೇಲೆ. ಸೀವೆಲ್ ಬರೆದದ್ದು ಕುದುರೆ ನೋಡಿಕೊಳ್ಳುವ ದೊಡ್ಡವರಿಗಾಗಿ.

ಪ್ರಾಣಿಯ ಬಾಯಿಂದ ಕಥೆ ಹೇಳಿಸುವ ಕ್ರಮ ಕನ್ನಡ ಓದುಗರಿಗೆ ಹೊಸದಲ್ಲ. ಹುಲಿಯ ಎದುರು ನಿಂತು ಮಾತಿಗೆ ತಪ್ಪದ ಪುಣ್ಯಕೋಟಿಯ ಹಾಡನ್ನು ಕೇಳಿ ಬೆಳೆದ ಜನ, ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಗಾಗಿ ಅರಸನೂ ಅವನ ತಾಯಿಯೂ ನವಿಲು, ನಾಯಿ ಮೊದಲಾದ ಜನ್ಮಗಳನ್ನು ಎತ್ತಿ ಬಂದುದನ್ನು 1209ರಲ್ಲಿ ಹೇಳಿದ ಜನ್ನನ ‘ಯಶೋಧರ ಚರಿತೆ’ಯನ್ನು ಓದಿದ ಜನ, ಮನುಷ್ಯ ಪ್ರಾಣಿಯ ಮೈಯೊಳಗಿದ್ದು ಹಿಂಸೆಯನ್ನು ಅನುಭವಿಸುವ ಕಲ್ಪನೆಯನ್ನು ಇಂಗ್ಲೆಂಡಿಗಿಂತ ಬಹಳ ಮೊದಲೇ ಬಲ್ಲವರು. ಆದರೆ ಪುಣ್ಯಕೋಟಿ ಸತ್ಯದ ಪ್ರತಿಮೆ, ಜನ್ನನ ನವಿಲು ಕರ್ಮದ ಪ್ರತಿಮೆ. ಸೀವೆಲ್‌ಳ ಕುದುರೆ ಮಾತ್ರ ತನ್ನ ಬಾಯಿಯ ಕಡಿವಾಣವನ್ನು ಕುರಿತು, ಲಾಯದ ನೆಲದ ತೇವವನ್ನು ಕುರಿತು, ಲಾಳ ಸಡಿಲವಾದುದನ್ನು ಕುರಿತು ದೂರುತ್ತದೆ. ಕಲ್ಪನೆಯ ಕೃತಿಯಾದರೂ ಅದರಲ್ಲಿ ಲಾಯದ ಕೆಲಸದ ವಿವರ ಅಷ್ಟು ಕರಾರುವಾಕ್ಕಾಗಿದ್ದುದೇ ಗಾಡಿಯವರು ಅದನ್ನು ನಂಬಲು ಕಾರಣ.

ಬರಹವೊಂದು ಬೀದಿ ಕಾಳಗಕ್ಕೆ ಕಾರಣವಾದ ಪ್ರಕರಣ 20ನೆಯ ಶತಮಾನದ ಆರಂಭದ ಲಂಡನ್ನಿನದು. ಲಿಜ್ಜಿ ಲಿಂಡ್ ಆಫ್ ಹೇಗೆಬಿ ಮತ್ತು ಲೈಸಾ ಶಾರ್ಟೌ ಎಂಬ ಸ್ವೀಡನ್ನಿನ ಇಬ್ಬರು ಯುವತಿಯರು ಜೀವಚ್ಛೇದನವನ್ನು ವಿರೋಧಿಸಬೇಕಾದರೆ ಮೊದಲು ಅದನ್ನು ಕಣ್ಣಾರೆ ಕಂಡು ಕಲಿಯಬೇಕೆಂದು ನಿರ್ಧರಿಸಿ, 1902ರಲ್ಲಿ ಲಂಡನ್ನಿನ ಮಹಿಳಾ ವೈದ್ಯಕೀಯ ಶಾಲೆಗೆ ವಿದ್ಯಾರ್ಥಿನಿಯರಾಗಿ ಸೇರಿ, ನಗರದ ಕಾಲೇಜುಗಳಲ್ಲಿ ನಡೆಯುತ್ತಿದ್ದ ಪ್ರಾತ್ಯಕ್ಷಿಕೆಗಳಿಗೆ ಹೋಗಿ ದಿನಚರಿ ಬರೆದಿಡತೊಡಗಿದರು. 1903ರ ಫೆಬ್ರವರಿಯಲ್ಲಿ ಯೂನಿವರ್ಸಿಟಿ ಕಾಲೇಜಿನಲ್ಲಿ ಶರೀರಶಾಸ್ತ್ರಜ್ಞ ವಿಲಿಯಂ ಬೇಲಿಸ್ ಕಂದು ಬಣ್ಣದ ಒಂದು ಟೆರಿಯರ್ ನಾಯಿಯ ಮೇಲೆ ನಡೆಸಿದ ಪ್ರಯೋಗವನ್ನು ಅವರು ನೋಡಿದರು. ಒಂದು ಪ್ರಯೋಗಕ್ಕೆ ಬಳಸಿದ ಪ್ರಾಣಿಯನ್ನು ಮತ್ತೊಂದಕ್ಕೆ ಬಳಸಬಾರದೆಂದು 1876ರ ಕಾಯಿದೆ ಹೇಳುತ್ತಿದ್ದರೂ ಆ ನಾಯಿಯ ಹೊಟ್ಟೆಯ ಮೇಲೆ ಹಿಂದಿನ ಶಸ್ತ್ರಕ್ರಿಯೆಯ ಗಾಯವಿತ್ತು. ಅದು ಮಿಸುಕಾಡುತ್ತಿತ್ತು, ಅದಕ್ಕೆ ಸಾಕಷ್ಟು ಅರಿವಳಿಕೆ ಕೊಟ್ಟಿರಲಿಲ್ಲ, ಮೇಜಿನ ಸುತ್ತ ವಿದ್ಯಾರ್ಥಿಗಳು ನಗುತ್ತಿದ್ದರು ಎಂದು ದಿನಚರಿಯಲ್ಲಿ ಬರೆದರು. ಈ ದಿನಚರಿಯ ಆಧಾರದಿಂದ ಜೀವಚ್ಛೇದನ ವಿರೋಧಿ ಸಂಘದ ಕಾರ್ಯದರ್ಶಿ ಸ್ಟೀಫನ್ ಕೋಲ್ರಿಜ್ ಆ ವರ್ಷದ ಮೇ ತಿಂಗಳಿನಲ್ಲಿ ದೊಡ್ಡ ಸಭೆಯೊಂದರಲ್ಲಿ ಪ್ರಯೋಗವನ್ನು ಹಿಂಸಾಕೃತ್ಯವೆಂದು ಕರೆದನು. ದಿನಚರಿಯೂ ಪುಸ್ತಕವಾಗಿ ಹೊರಬಂದಿತು.

ಬೇಲಿಸ್ ಮಾನಹಾನಿಯ ಮೊಕದ್ದಮೆ ಹೂಡಿದನು. 1903ರ ನವೆಂಬರಿನಲ್ಲಿ ನಡೆದ ವಿಚಾರಣೆಯಲ್ಲಿ ನಾಯಿ ಹಿಂದೆ ಒಂದು ಪ್ರಯೋಗಕ್ಕೆ ಒಳಗಾಗಿದ್ದುದು ನಿಜವೆಂದು ಒಪ್ಪಿಕೊಳ್ಳಲಾಯಿತು. ಆದರೆ ಅದಕ್ಕೆ ಅರಿವಳಿಕೆ ಕೊಡಲಾಗಿತ್ತೆಂಬ ಪ್ರಯೋಗಶಾಲೆಯವರ ಸಾಕ್ಷ್ಯವನ್ನು ಜ್ಯೂರಿ ನಂಬಿತು. ಕೋಲ್ರಿಜನಿಗೆ 2,000 ಪೌಂಡ್ ಪರಿಹಾರವನ್ನೂ 3,000 ಪೌಂಡ್ ಖರ್ಚನ್ನೂ ಕೊಡಬೇಕಾಗಿ ಬಂದಿತು. ಪ್ರಕಾಶಕನು ಕ್ಷಮೆ ಕೇಳಿ ಪುಸ್ತಕವನ್ನು ಹಿಂತೆಗೆದುಕೊಂಡನು. ವಿದ್ಯಾರ್ಥಿಗಳ ನಗೆಯನ್ನು ವರ್ಣಿಸಿದ್ದ ಅಧ್ಯಾಯವನ್ನು ಬಿಟ್ಟು ಅದು ಮತ್ತೆ ಅಚ್ಚಾಯಿತು. ಕಾಬಳ ಸಂಗ್ರಹದಲ್ಲಿ ಸೋತ ಪ್ರಶ್ನೆಯೇ ಇಲ್ಲಿಯೂ ಸೋಲಿಗೆ ಕಾರಣವಾದುದು ಆಕಸ್ಮಿಕವಲ್ಲ. ಅರಿವಳಿಕೆ ಹೊರಗಿನಿಂದ ನೋಡಿ ನಿರ್ಧರಿಸಬಹುದಾದ ಸಂಗತಿಯಲ್ಲ. ಪ್ರೇಕ್ಷಕರ ಸಾಲಿನಲ್ಲಿ ಕುಳಿತ ವಿದ್ಯಾರ್ಥಿನಿಯ ಕಣ್ಣು ಎಷ್ಟೇ ಚುರುಕಾಗಿದ್ದರೂ ಮೇಜಿನ ಬಳಿ ನಿಂತವನ ಮಾತಿನ ಎದುರು ಅದರ ಸಾಕ್ಷ್ಯ ನಿಲ್ಲಲಿಲ್ಲ.

ನ್ಯಾಯಾಲಯದಲ್ಲಿ ಸೋತದ್ದು ಬೀದಿಯಲ್ಲಿ ಉಳಿಯಿತು. ಡೈಲಿ ನ್ಯೂಸ್ ಪತ್ರಿಕೆ ಕರೆಕೊಟ್ಟಾಗ ಸಾರ್ವಜನಿಕರು 5,735 ಪೌಂಡ್ ಕೂಡಿಸಿ ಕೋಲ್ರಿಜನ ದಂಡವನ್ನು ತುಂಬಿದರು. 1906ರ ಸೆಪ್ಟೆಂಬರಿನಲ್ಲಿ ಕಾರ್ಮಿಕರ ವಸತಿಯಾದ ಬ್ಯಾಟರ್‌ಸೀಯ ಉದ್ಯಾನದಲ್ಲಿ ಕಂದು ನಾಯಿಯ ಕಂಚಿನ ಪ್ರತಿಮೆಯನ್ನು ನಿಲ್ಲಿಸಲಾಯಿತು. ಅದರ ಕೆಳಗಿನ ಬರಹ 1902ರ ಒಂದೇ ವರ್ಷದಲ್ಲಿ ಅದೇ ಸ್ಥಳದಲ್ಲಿ ಜೀವಚ್ಛೇದನಕ್ಕೆ ಒಳಗಾದ 232 ನಾಯಿಗಳನ್ನೂ ನೆನೆಯುತ್ತಿತ್ತು. ವೈದ್ಯವಿದ್ಯಾರ್ಥಿಗಳು ಇದನ್ನು ತಮ್ಮ ವೃತ್ತಿಗೆ ಮಾಡಿದ ಅವಮಾನವೆಂದು ಭಾವಿಸಿ 1907ರ ಡಿಸೆಂಬರಿನಲ್ಲಿ ಸುಮಾರು ಸಾವಿರ ಮಂದಿ ಮಧ್ಯ ಲಂಡನ್ನಿನಲ್ಲಿ ಮೆರವಣಿಗೆ ನಡೆಸಿ ಪೊಲೀಸರೊಂದಿಗೆ ಸೆಣಸಿದರು. ಕೊನೆಗೆ 1910ರ ಮಾರ್ಚ್ 10ರಂದು ನಸುಕಿಗೆ ಮುಂಚೆ 120 ಪೊಲೀಸರ ಕಾವಲಿನಲ್ಲಿ ನಗರಸಭೆಯೇ ಪ್ರತಿಮೆಯನ್ನು ಕಿತ್ತುಹಾಕಿತು. ಮುಕ್ಕಾಲು ಶತಮಾನ ಕಳೆದು 1985ರಲ್ಲಿ ಬ್ಯಾಟರ್‌ಸೀ ಪಾರ್ಕಿನಲ್ಲಿ ಹೊಸ ಪ್ರತಿಮೆ ನಿಂತಿತು. ಒಂದು ಅನಾಮಿಕ ಬೀದಿನಾಯಿಗೆ ಎರಡು ಸಲ ಪ್ರತಿಮೆ ಕಟ್ಟಿದ ನಗರ ಇನ್ನೊಂದು ಇರಲಾರದು.

ಸಿನಿಮಾ ಬಂದ ಮೇಲೆ ನೋಡುವ ಕಣ್ಣುಗಳ ಸಂಖ್ಯೆ ಹೆಚ್ಚಿತು, ಆದರೆ ಮೊದಲ ದಶಕಗಳಲ್ಲಿ ಅದು ಪ್ರಾಣಿಗಳ ಪಾಲಿಗೆ ಹೊಸ ಅಪಾಯವೂ ಆಗಿತ್ತು. 1939ರ ‘ಜೆಸ್ಸಿ ಜೇಮ್ಸ್’ ಚಿತ್ರದ ಒಂದು ದೃಶ್ಯಕ್ಕಾಗಿ ಕುದುರೆಯನ್ನು ಎತ್ತರದ ಬಂಡೆಯಿಂದ ನೀರಿಗೆ ಕೆಡವಿ ಕೊಂದದ್ದು ಬಯಲಾದಾಗ ಎದ್ದ ಆಕ್ರೋಶದಿಂದಾಗಿ 1940ರಲ್ಲಿ ಅಮೆರಿಕದ ಪ್ರಾಣಿದಯಾ ಸಂಸ್ಥೆಯೊಂದು ಹಾಲಿವುಡ್ಡಿನಲ್ಲಿ ಕಚೇರಿ ತೆರೆದು ಚಿತ್ರೀಕರಣಗಳ ಮೇಲೆ ನಿಗಾ ಇಡಲಾರಂಭಿಸಿತು. ಫ್ರಾನ್ಸಿನ ಜಾರ್ಜ್ ಫ್ರಾಂಜು 1949ರಲ್ಲಿ ಪ್ಯಾರಿಸ್ಸಿನ ಕಸಾಯಿಖಾನೆಗಳ ಒಳಗೆ ಕ್ಯಾಮೆರಾ ಒಯ್ದು ತೆಗೆದ ಕಿರುಚಿತ್ರದಲ್ಲಿ ಬೋಧನೆ ಇಲ್ಲ, ಕೆಲಸಗಾರರ ಮೇಲೆ ದ್ವೇಷವೂ ಇಲ್ಲ. ದಿನನಿತ್ಯದ ಕೆಲಸವನ್ನು ನಿರ್ವಿಕಾರವಾಗಿ ತೋರಿಸಿದ್ದರಿಂದಲೇ ಅದನ್ನು ನೋಡಿದವರು ಮರೆಯಲಾರದೆ ಹೋದರು. ಸ್ಥಿರಚಿತ್ರದ ಶಕ್ತಿಯೂ ಕುಗ್ಗಿರಲಿಲ್ಲ: 1966ರ ಫೆಬ್ರವರಿ 4ರ ಲೈಫ್ ಪತ್ರಿಕೆ ಪ್ರಯೋಗಶಾಲೆಗಳಿಗೆ ನಾಯಿಗಳನ್ನು ಮಾರುವ ದಲ್ಲಾಳಿಯೊಬ್ಬನ ಹಟ್ಟಿಯಲ್ಲಿ ಹಸಿದು ಮೂಳೆಗೂಡಾದ ನಾಯಿಗಳ ಛಾಯಾಚಿತ್ರಗಳನ್ನು ಅಚ್ಚುಹಾಕಿದ ಮೇಲೆ ಅಮೆರಿಕದ ಸಂಸತ್ತಿಗೆ ಪತ್ರಗಳ ಮಹಾಪೂರವೇ ಹರಿದು, ಅದೇ ವರ್ಷದ ಆಗಸ್ಟ್ 24ರಂದು ಪ್ರಯೋಗಶಾಲಾ ಪ್ರಾಣಿಗಳ ಕಲ್ಯಾಣದ ಕಾಯಿದೆಗೆ ಅಧ್ಯಕ್ಷ ಜಾನ್ಸನ್ ಸಹಿ ಬಿತ್ತು.

ಕಾಬಳ ಕ್ರಮ ತನ್ನ ಪೂರ್ಣ ಬಲವನ್ನು ತೋರಿಸಿದ್ದು 1960ರ ದಶಕದ ಇಂಗ್ಲೆಂಡಿನಲ್ಲಿ. ಎಳೆಗರುಗಳನ್ನು ಕತ್ತಲ ಗೂಡುಗಳಲ್ಲಿ ಕೂಡಿಹಾಕಿ ಮಾಂಸಕ್ಕಾಗಿ ಬೆಳೆಸುವುದನ್ನು ವಿವರಿಸುವ ಕರಪತ್ರವೊಂದು ರೂತ್ ಹ್ಯಾರಿಸನ್ ಎಂಬ ಗೃಹಿಣಿಯ ಮನೆಗೆ ಬಂದಿತು. ಈಗಾಗಲೇ ಸಸ್ಯಾಹಾರಿಯಾಗಿದ್ದ ಆಕೆ ಇದು ತನಗೆ ಸಂಬಂಧಿಸಿದ್ದಲ್ಲವೆಂದು ಬದಿಗಿಡಬಹುದಿತ್ತು; ಅದಕ್ಕೆ ಬದಲಾಗಿ ಕೃಷಿ ಉದ್ಯಮದ ಪತ್ರಿಕೆಗಳನ್ನು ತರಿಸಿ ಓದಿ, ಫಾರಂಗಳನ್ನು ಸುತ್ತಿ, 1964ರಲ್ಲಿ ‘ಅನಿಮಲ್ ಮಶೀನ್ಸ್’ ಎಂಬ ಗ್ರಂಥವನ್ನು ಪ್ರಕಟಿಸಿದಳು. ಕೀಟನಾಶಕಗಳ ದುಷ್ಪರಿಣಾಮವನ್ನು ಬಯಲಿಗೆಳೆದಿದ್ದ ರೇಚಲ್ ಕಾರ್ಸನ್ ಅದಕ್ಕೆ ಮುನ್ನುಡಿ ಬರೆದಳು. ಅದರಲ್ಲಿ ವರ್ಣಿಸಿದ ಬ್ಯಾಟರಿ ಪಂಜರವೆಂದರೆ ರೆಕ್ಕೆ ಬಿಚ್ಚಲೂ ಆಗದಷ್ಟು ಇಕ್ಕಟ್ಟಿನಲ್ಲಿ ಮೊಟ್ಟೆಕೋಳಿಗಳನ್ನು ಸಾಲುಸಾಲಾಗಿ ಇಡುವ ತಂತಿಗೂಡುಗಳು. ಪ್ರಾಣಿಯನ್ನು ಮೇವನ್ನು ಮಾಂಸವಾಗಿಯೂ ಮೊಟ್ಟೆಯಾಗಿಯೂ ಬದಲಿಸುವ ಯಂತ್ರವೆಂದು ಲೆಕ್ಕಹಾಕುತ್ತಿದ್ದ ಈ ಉದ್ಯಮದ ಭಾಷೆಯನ್ನೇ ಹ್ಯಾರಿಸನ್ ಪುಸ್ತಕದ ಹೆಸರಾಗಿ ತಿರುಗಿಸಿದಳು. ಸರ್ಕಾರ ಪ್ರೊಫೆಸರ್ ಬ್ರ್ಯಾಂಬೆಲ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಸಾಕಿದ ಪ್ರಾಣಿಗೆ ಏಳಲು, ಮಲಗಲು, ತಿರುಗಲು, ಮೈ ನೆಕ್ಕಿಕೊಳ್ಳಲು, ಕೈಕಾಲು ಚಾಚಲು ಆಗುವಷ್ಟಾದರೂ ಜಾಗವಿರಬೇಕೆಂದು ಆ ಸಮಿತಿ 1965ರಲ್ಲಿ ಹೇಳಿತು. ಇದೇ ಮುಂದೆ ಬೆಳೆದು, ಹಸಿವು ಬಾಯಾರಿಕೆಗಳಿಂದ, ಅನನುಕೂಲದಿಂದ, ನೋವು ರೋಗಗಳಿಂದ, ಭಯದಿಂದ ಬಿಡುಗಡೆ ಮತ್ತು ಸಹಜ ನಡವಳಿಕೆಗೆ ಅವಕಾಶ ಎಂಬ ಐದು ಸ್ವಾತಂತ್ರ್ಯಗಳಾಗಿ ಜಗತ್ತಿನಾದ್ಯಂತ ಹರಡಿತು.

ಅದೇ ದಶಕದ ಕೊನೆಗೆ ಆಕ್ಸ್‌ಫರ್ಡಿನಲ್ಲಿ, ಹಿಂದೆ ತಾನೇ ಪ್ರಾಣಿಪ್ರಯೋಗಗಳನ್ನು ಮಾಡಿದ್ದ ಮನೋವಿಜ್ಞಾನಿ ರಿಚರ್ಡ್ ರೈಡರ್ 1970ರಲ್ಲಿ ಹಂಚಿದ ಕರಪತ್ರವೊಂದರಲ್ಲಿ ಸ್ಪೀಶೀಸಿಸಂ ಎಂಬ ಹೊಸ ಶಬ್ದವನ್ನು ಬಳಸಿದನು. ವರ್ಣಭೇದದಂತೆಯೇ, ತಾನು ಹುಟ್ಟಿದ ಜೀವಜಾತಿಯ ಹಿತವೇ ಮೇಲೆಂದು ಎಣಿಸಿ ಬೇರೆ ಜೀವಿಗಳ ನೋವನ್ನು ಕಡೆಗಣಿಸುವ ಪಕ್ಷಪಾತಕ್ಕೆ ಇದು ಹೆಸರು. ಕನ್ನಡದಲ್ಲಿ ಜೀವಜಾತಿಭೇದ ಎನ್ನಬಹುದು. ರೈಡರನೂ ಇದ್ದ ಆಕ್ಸ್‌ಫರ್ಡಿನ ಬಳಗದವರ 1971ರ ಲೇಖನಸಂಕಲನವನ್ನು ಇಂಗ್ಲೆಂಡಿನ ಪತ್ರಿಕೆಗಳು ಅಷ್ಟಾಗಿ ಗಮನಿಸದೆ ಹೋದಾಗ, ಆಸ್ಟ್ರೇಲಿಯಾದ ಯುವ ತಾತ್ತ್ವಿಕ ಪೀಟರ್ ಸಿಂಗರ್ 1973ರ ಏಪ್ರಿಲಿನಲ್ಲಿ ಅಮೆರಿಕದ ನಿಯತಕಾಲಿಕವೊಂದರಲ್ಲಿ ಅದನ್ನು ವಿಮರ್ಶಿಸಿ, ಆ ವಿಮರ್ಶೆಯನ್ನೇ ಬೆಳೆಸಿ 1975ರಲ್ಲಿ ‘ಅನಿಮಲ್ ಲಿಬರೇಷನ್’ ಬರೆದನು. ಆ ಪುಸ್ತಕದ ಪ್ರಯೋಗಶಾಲೆಯ ಅಧ್ಯಾಯ ವಿಜ್ಞಾನಿಗಳೇ ತಮ್ಮ ನಿಯತಕಾಲಿಕಗಳಲ್ಲಿ ಅಚ್ಚುಹಾಕಿಸಿದ ವರದಿಗಳಿಂದಲೂ ಫಾರಂಗಳ ಅಧ್ಯಾಯ ಉದ್ಯಮದ ಪತ್ರಿಕೆಗಳಿಂದಲೂ ಕಟ್ಟಿದ್ದು. ಕಾಬಳಿಗೆ 80 ವರ್ಷ ಹಿಂದೆ ಆದ ಪೆಟ್ಟು ಮತ್ತೆ ಆಗದಂತೆ ಮೂಲವನ್ನು ಪುಟಸಂಖ್ಯೆಯ ಸಮೇತ ಕೊಡುವ ಶಿಸ್ತು ಇಲ್ಲಿ ಎದ್ದು ಕಾಣುತ್ತದೆ. ನ್ಯೂಯಾರ್ಕಿನಲ್ಲಿ ಸಿಂಗರನ ತರಗತಿಗೆ ಬಂದು ಕುಳಿತ ಶಾಲಾಶಿಕ್ಷಕ, ಹಿಂದೆ ಹಡಗಿನ ಕಾರ್ಮಿಕನಾಗಿದ್ದ ಹೆನ್ರಿ ಸ್ಪಿರಾ ಒಂದು ಹೆಜ್ಜೆ ಮುಂದೆ ಹೋಗಿ, ಮಾಹಿತಿ ಹಕ್ಕಿನ ಕಾನೂನಿನ ಮೂಲಕ ನ್ಯೂಯಾರ್ಕಿನ ನಿಸರ್ಗ ಚರಿತ್ರೆಯ ವಸ್ತುಸಂಗ್ರಹಾಲಯದಲ್ಲಿ ಬೆಕ್ಕುಗಳ ಮೇಲೆ ನಡೆಯುತ್ತಿದ್ದ ಪ್ರಯೋಗಗಳ ಅನುದಾನದ ಕಾಗದಗಳನ್ನು ತರಿಸಿಕೊಂಡು, 1976ರಿಂದ ಬೀದಿಯಲ್ಲಿ ನಿಂತು ಅವನ್ನು ಜನರಿಗೆ ವಿವರಿಸಿದನು. ಮರುವರ್ಷ ಪ್ರಯೋಗಗಳು ನಿಂತವು.

ಕಣ್ಣಿಗಿಂತ ಕಿವಿ ತಡವಾಗಿ ಚಳವಳಿಗೆ ಸೇರಿತು. ಧ್ವನಿಮುದ್ರಣಕ್ಕೆ ದಕ್ಕಿದ ಹಕ್ಕಿದನಿಗಳಲ್ಲಿ ಮೊದಲನೆಯದೆಂದು ತಿಳಿದಿರುವುದು, 1889ರಲ್ಲಿ ಜರ್ಮನಿಯ ಬಾಲಕ ಲುಡ್‌ವಿಗ್ ಕಾಖ್ ಎಡಿಸನ್ ಯಂತ್ರದ ಮೇಣದ ಉರುಳೆಯಲ್ಲಿ ಹಿಡಿದ, ಪಂಜರದಲ್ಲಿದ್ದ ಭಾರತದ ಶಾಮಾ ಹಕ್ಕಿಯ ಹಾಡು. ಆದರೆ ಒಂದು ಜೀವಿಯನ್ನು ಅಳಿವಿನಿಂದ ಉಳಿಸಲು ಧ್ವನಿಯೇ ಮುಖ್ಯ ಸಾಧನವಾದದ್ದು ತಿಮಿಂಗಿಲದ ಪ್ರಕರಣದಲ್ಲಿ. 20ನೆಯ ಶತಮಾನದಲ್ಲಿ ಕೊಬ್ಬು ಎಣ್ಣೆಗಳಿಗಾಗಿ ಸುಮಾರು 29 ಲಕ್ಷ ತಿಮಿಂಗಿಲಗಳು ಹತವಾದರೂ, ನೀರಿನ ಮೇಲೆ ಕ್ಷಣಮಾತ್ರ ಕಾಣುವ ಬೆನ್ನನ್ನು ಬಿಟ್ಟು ಬೇರೇನನ್ನೂ ತೋರಿಸದ ಆ ಪ್ರಾಣಿಯ ಮೇಲೆ ಮರುಕ ಹುಟ್ಟಿಸುವುದು ಚಿತ್ರಕ್ಕೆ ಸಾಧ್ಯವಾಗಿರಲಿಲ್ಲ. ಬರ್ಮುಡಾ ದ್ವೀಪದಲ್ಲಿ ಅಮೆರಿಕದ ನೌಕಾಪಡೆಗಾಗಿ ಸಮುದ್ರದಡಿಯ ಸದ್ದುಗಳನ್ನು ಆಲಿಸುತ್ತಿದ್ದ ಎಂಜಿನಿಯರ್ ಫ್ರ್ಯಾಂಕ್ ವಾಟ್ಲಿಂಗ್ಟನ್, ನೀರಿನೊಳಗಿನ ಶಬ್ದವನ್ನು ಗ್ರಹಿಸುವ ಹೈಡ್ರೋಫೋನ್ ಎಂಬ ಉಪಕರಣದಿಂದ ಗೂನುಬೆನ್ನಿನ ತಿಮಿಂಗಿಲಗಳ ದನಿಯನ್ನು 1950ರ ದಶಕದಿಂದಲೇ ಮುದ್ರಿಸಿಕೊಂಡಿದ್ದನು. ಬೇಟೆಗಾರರು ಈ ದನಿಯನ್ನು ಹಿಂಬಾಲಿಸಿ ಹೋಗಿಯಾರೆಂಬ ಅಂಜಿಕೆಯಿಂದ ಅದನ್ನು ಬಚ್ಚಿಟ್ಟಿದ್ದ ಅವನು, ಜೀವವಿಜ್ಞಾನಿ ರೋಜರ್ ಪೇನ್ ಮತ್ತು ಅವನ ಪತ್ನಿ ಕೇಟಿ ಪೇನ್ ಬಂದಾಗ ಆ ಟೇಪುಗಳನ್ನು ಅವರಿಗೆ ಒಪ್ಪಿಸಿದನು.

ಟೇಪನ್ನು ಮತ್ತೆ ಮತ್ತೆ ಕೇಳಿದ ಪೇನ್, ಈ ದನಿ ಬರಿಯ ಕೂಗಲ್ಲ, ಕ್ರಮಬದ್ಧವಾಗಿ ಮರುಕಳಿಸುವ ಘಟ್ಟಗಳಿಂದ ಕೂಡಿದುದರಿಂದ ಹಾಡೆಂದೇ ಕರೆಯಬೇಕಾದದ್ದು ಎಂಬ ನಿರ್ಣಯಕ್ಕೆ ಬಂದನು. 1971ರ ಆಗಸ್ಟಿನಲ್ಲಿ ಸ್ಕಾಟ್ ಮೆಕ್‌ವೇ ಜೊತೆಗೂಡಿ ಅವನು ಬರೆದ ಪ್ರಬಂಧವನ್ನು ಸೈನ್ಸ್ ಪತ್ರಿಕೆ ಪ್ರಕಟಿಸಿತು. ಹಾಡುವ ಗಂಡು ತಿಮಿಂಗಿಲಗಳು ಆ ಹಾಡನ್ನು ವರ್ಷದಿಂದ ವರ್ಷಕ್ಕೆ ಎಲ್ಲವೂ ಒಟ್ಟಾಗಿ ಬದಲಿಸುತ್ತ ಹೋಗುತ್ತವೆ ಎಂಬುದನ್ನು ಕಂಡುಹಿಡಿದವಳು ಸಂಗೀತಾಭ್ಯಾಸ ಮಾಡಿದ್ದ ಕೇಟಿ. ಪ್ರಬಂಧಕ್ಕೆ ಮುಂಚೆಯೇ 1970ರಲ್ಲಿ ಹೊರಬಂದ ಗ್ರಾಮಫೋನ್ ತಟ್ಟೆ ಮನೆಮನೆಯನ್ನು ಹೊಕ್ಕಿತು. 1979ರ ಜನವರಿಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ತನ್ನ ಸಂಚಿಕೆಯೊಂದಿಗೆ ತೆಳುವಾದ ಪ್ಲಾಸ್ಟಿಕ್ ತಟ್ಟೆಯಲ್ಲಿ ಈ ಹಾಡಿನ 1 ಕೋಟಿ 5 ಲಕ್ಷ ಪ್ರತಿಗಳನ್ನು ಹಂಚಿತು. ಅದಕ್ಕೆ ಎರಡು ವರ್ಷ ಮೊದಲು ಅಂತರಿಕ್ಷಕ್ಕೆ ಹೊರಟ ವಾಯೇಜರ್ ನೌಕೆಗಳ ಸುವರ್ಣ ತಟ್ಟೆಯಲ್ಲಿ ಕೇಸರಬಾಯಿ ಕೇರ್ಕರ್ ಅವರ ಭೈರವಿಯ ಜೊತೆಗೆ ಈ ದನಿಯೂ ಸೌರವ್ಯೂಹದಾಚೆಗೆ ಸಾಗಿದೆ. ಅಂತರರಾಷ್ಟ್ರೀಯ ತಿಮಿಂಗಿಲ ಬೇಟೆ ಆಯೋಗ 1982ರಲ್ಲಿ ವಾಣಿಜ್ಯ ಬೇಟೆಗೆ ತಡೆಹಾಕಲು ನಿರ್ಧರಿಸಿತು. ತಿಮಿಂಗಿಲಗಳ ಸಂಖ್ಯೆ ಕುಸಿದು ಬೇಟೆಯ ಲಾಭ ಕುಗ್ಗಿದ್ದೂ ಇದಕ್ಕೆ ಕಾರಣವೆಂಬುದನ್ನು ಮರೆಯಬಾರದು. ಆದರೆ ಬೇಟೆಯೊಂದಿಗೆ ಏನೂ ಸಂಬಂಧವಿಲ್ಲದ ಒಳನಾಡಿನ ಕೋಟ್ಯಂತರ ಜನ ಅದನ್ನು ತಮ್ಮ ವಿಷಯವೆಂದು ಭಾವಿಸಿದ್ದು ಆ ಹಾಡಿನಿಂದಲೇ. ಶತ್ರುವಿನ ಜಲಾಂತರ್ಗಾಮಿಯನ್ನು ಹುಡುಕಲು ಸಮುದ್ರದಡಿ ಇಟ್ಟ ಕಿವಿಗೆ ಸಿಕ್ಕಿದ್ದು ಈ ಹಾಡು.

ಕಿವಿಗೆ ಬಿದ್ದ ಹಾಡಿಗೆ ಒಂದು ಆಯೋಗ ಮಣಿದರೆ, ಕರಪತ್ರದಲ್ಲಿ ಹುಟ್ಟಿದ ಶಬ್ದಗಳು ಇನ್ನೂ ದೂರದ ನ್ಯಾಯಾಲಯಗಳನ್ನು ತಲುಪಿದವು. ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಮಂಡಿಸಿದ ಖಾಸಗಿ ಮಸೂದೆಯ ಫಲವಾಗಿ 1960ರಲ್ಲಿ ಬಂದ ಪ್ರಾಣಿಹಿಂಸೆ ತಡೆ ಕಾಯಿದೆಯನ್ನು ಅರ್ಥೈಸುತ್ತ ಭಾರತದ ಸುಪ್ರೀಂ ಕೋರ್ಟ್ 2014ರ ಮೇ 7ರಂದು ಜಲ್ಲಿಕಟ್ಟು ಮತ್ತು ಎತ್ತಿನಗಾಡಿ ಓಟಗಳ ಪ್ರಕರಣದಲ್ಲಿ ನೀಡಿದ ತೀರ್ಪಿನಲ್ಲಿ ರೈಡರನ ಜೀವಜಾತಿಭೇದದ ಪರಿಕಲ್ಪನೆಯನ್ನು ಹೆಸರಿಸಿ ಚರ್ಚಿಸಿತು, ಮತ್ತು ಐದು ಸ್ವಾತಂತ್ರ್ಯಗಳನ್ನು ಕಾಯಿದೆಯ ಕಲಮುಗಳೊಳಗೆ ಸೇರಿಸಿ ಓದಬೇಕೆಂದಿತು. ಪ್ರಾಣಿಕಲ್ಯಾಣ ಮಂಡಳಿಯ ವೀಕ್ಷಕರು ಅಖಾಡಗಳಿಂದ ತಂದ ವರದಿಗಳೂ ಛಾಯಾಚಿತ್ರಗಳೂ ಅಲ್ಲಿ ಸಾಕ್ಷ್ಯವಾಗಿದ್ದವು. ಅವೆಲ್ಲವೂ ಹೋರಿ ಮತ್ತು ಎತ್ತುಗಳನ್ನು ಕುರಿತವು. ಆದರೂ ಆ ತೀರ್ಪಿನ ಅಲೆ ಕರಾವಳಿ ಕರ್ನಾಟಕದ ಕೆಸರುಗದ್ದೆಯ ಕೋಣಗಳನ್ನೂ ಮುಟ್ಟಿ, 2016ರ ನವೆಂಬರಿನಲ್ಲಿ ಹೈಕೋರ್ಟಿನ ಮಧ್ಯಂತರ ಆದೇಶದಿಂದ ಕಂಬಳ ನಿಂತಿತು. ಕಂಬಳದ ಕೋಣಗಳಿಗಾಗಿ ಗದ್ದೆಯ ಅಂಚಿನಲ್ಲಿ ನಿಂತು ಬರೆದ ದಾಖಲೆ ವಿವರವಾಗಿದ್ದಷ್ಟೂ ಪರ ವಿರೋಧ ವಾದಗಳು ಗಟ್ಟಿ ನೆಲದ ಮೇಲೆ ನಡೆಯುತ್ತವೆ. ರಾಜ್ಯ ಸರ್ಕಾರ 2017ರಲ್ಲಿ ಕೇಂದ್ರದ ಕಾಯಿದೆಗೆ ತಿದ್ದುಪಡಿ ತಂದು, ರಾಷ್ಟ್ರಪತಿಗಳ ಅಂಕಿತ ಪಡೆದು, ಅನಗತ್ಯ ನೋವುಂಟುಮಾಡಬಾರದೆಂಬ ಷರತ್ತಿನೊಂದಿಗೆ ಕಂಬಳಕ್ಕೆ ಅವಕಾಶ ಕೊಟ್ಟಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿದು, ಪ್ರಾಣಿಗಳಿಗೆ ಮೂಲಭೂತ ಹಕ್ಕುಗಳನ್ನು ಕೊಟ್ಟ ಪೂರ್ವನಿದರ್ಶನವಿಲ್ಲವೆಂದು ಹೇಳಿತು. ಜೊತೆಗೆ ಷರತ್ತುಗಳು ಕಟ್ಟುನಿಟ್ಟಾಗಿ ಜಾರಿಯಾಗುವಂತೆ ನೋಡಿಕೊಳ್ಳುವ ಹೊಣೆಯನ್ನು ಜಿಲ್ಲಾಡಳಿತಕ್ಕೆ ವಹಿಸಿತು. ಕೋಣಗಳ ಮೈಮೇಲೆ ಬೀಳುವ ಬೆತ್ತಕ್ಕೆ ಇನ್ನು ಮುಂದೆ ಲಿಖಿತ ಸಾಕ್ಷ್ಯವೆಂದು ಏನಾದರೂ ಉಳಿಯುವುದಾದರೆ, ಅದು ಜಿಲ್ಲಾ ಕಚೇರಿಗಳ ಕಡತಗಳಲ್ಲಿ ಉಳಿಯುತ್ತದೆ.